ಫೋಕಸಿಂಗ್ ರೈಲು

ನೊಣದ ಕಣ್ಣನ್ನು ಚಿತ್ರದಲ್ಲಿ ಹಿಡಿಯಬಯಸುವವನಿಗೆ ಮೊದಲ ತೊಡಕು ಆಳದ್ದು. 36×24 ಮಿಲಿಮೀಟರ್ ಸೆನ್ಸರಿನ ಮೇಲೆ ವಸ್ತುವು ತನ್ನ ನಿಜವಾದ ಅಳತೆಯಲ್ಲಿಯೇ ಮೂಡುವಾಗ, ಎಫ್/8ರಲ್ಲಿ ಸ್ಪಷ್ಟವಾಗಿ ಕಾಣುವ ಆಳ ಸುಮಾರು 1 ಮಿಲಿಮೀಟರ್ ಮಾತ್ರ! ಮಸೂರದ ಉಂಗುರವನ್ನು ತಿರುಗಿಸಿದರೆ ಸ್ಪಷ್ಟತೆಯೊಡನೆ ಚಿತ್ರದ ಗಾತ್ರವೂ ಬದಲಾಗುತ್ತದೆ. ಆದುದರಿಂದ ಉಂಗುರವನ್ನು ಮುಟ್ಟದೆ ಕ್ಯಾಮರಾವನ್ನೇ ಕೂದಲೆಳೆಯಷ್ಟು ಸರಿಸುವುದು ಲೇಸು. ಟ್ರೈಪಾಡಿಗೂ ಕ್ಯಾಮರಾಕ್ಕೂ ನಡುವೆ ಕೂರುವ ಈ ಹಳಿಯ ಕೆಲಸ ಇಷ್ಟೇ.

ಕೊಳ್ಳುವಾಗ ಹಳಿಯ ಉದ್ದವನ್ನು ಕಂಡು ಮರುಳಾಗಬಾರದು. ಹಲ್ಲುಪಟ್ಟಿಯ ಹಳಿ ಬೇಗ ಓಡುತ್ತದೆ, ನಿಜ. ಆದರೆ ಕ್ಯಾಮರಾವನ್ನು ಕೆಳಮುಖವಾಗಿಸಿದಾಗ ಭಾರಕ್ಕೆ ತಾನೇ ಜಾರುವುದೂ ಉಂಟು. ತಿರುಪಿನ ಹಳಿ ನಿಧಾನವಾದರೂ ನೆಚ್ಚಬಹುದಾದದ್ದು. ತಿರುಪಿನ ಎಳೆಗಳ ಅಂತರ 1 ಮಿಲಿಮೀಟರ್ ಇದ್ದರೆ, ಕಾಲು ಸುತ್ತಿಗೆ ಕ್ಯಾಮರಾ 0.25 ಮಿಲಿಮೀಟರ್ ಸರಿಯುತ್ತದೆ. ವಿದ್ಯಾರ್ಥಿಯ ಜೇಬಿಗೆ ಒಂದೇ ಹಳಿ ಸಾಧ್ಯವೆಂದಾದರೆ, ನನ್ನ ಮತ ಇದಕ್ಕೇ.

ಸತ್ತ ಜೀರುಂಡೆಯ ಇಡೀ ದೇಹ ಸ್ಪಷ್ಟವಾಗಿ ಬರಬೇಕೆಂದರೆ, ಅರ್ಧ ಮಿಲಿಮೀಟರಿಗೊಂದರಂತೆ ಚಿತ್ರಗಳನ್ನು ತೆಗೆದು ಕಂಪ್ಯೂಟರಿನಲ್ಲಿ ಕೂಡಿಸಬೇಕು. ಆಗ ತಿರುಪನ್ನು ಒಂದೇ ದಿಕ್ಕಿಗೆ ತಿರುಗಿಸತಕ್ಕದ್ದು. ಹಿಂದಕ್ಕೆ ತಿರುಗಿಸಿದರೆ ಎಳೆಗಳ ನಡುವಣ ಸಡಿಲದಿಂದ ಲೆಕ್ಕ ತಪ್ಪುತ್ತದೆ. ಗಾಳಿಗೆ ತೂಗುವ ಹುಲ್ಲಿನ ಮೇಲಣ ಜೀವಂತ ಮಿಡತೆಗಾದರೋ ಹಳಿ ನಿಷ್ಪ್ರಯೋಜಕ. ಅಲ್ಲಿ ಕ್ಯಾಮರಾವನ್ನು ಕೈಯಲ್ಲಿ ಹಿಡಿದು, ಉಸಿರು ಕಟ್ಟಿ, ಮೈಯನ್ನೇ ಮೆಲ್ಲನೆ ಮುಂದಕ್ಕೆ ಬಾಗಿಸಬೇಕು.