ಪೆನ್ಸಿಲಿಗೆ ಮೊದಲು ಕ್ರೆಯಾನ್ ಕೊಡಿ

ಮಗ್ರಿಬ್ ಕಳೆದು ಒಂದು ಗಂಟೆ ಆಗಿತ್ತು. ನಮ್ಮ ಮನೆಯ ಎಲ್‌ಕೆಜಿ ಹುಡುಗ ನಾಲ್ಕು ಗೆರೆ ಪುಸ್ತಕದ ಮುಂದೆ ಕೂತಿದ್ದ. ಒಂದು ಪುಟ ಇಂಗ್ಲಿಷಿನ 'ಬಿ' ಬರೆಯಬೇಕು. ಅರ್ಧ ಪುಟ ಆಗುವಷ್ಟರಲ್ಲಿ ಪೆನ್ಸಿಲ್ ಮೊನೆ ಎರಡು ಸಲ ಮುರಿಯಿತು, ಆಮೇಲೆ ಕಾಗದವೇ ತೂತಾಯಿತು. "ಉಮ್ಮಾ, ಕೈ ನೋಯ್ತದೆ" ಅಂದ. "ನಾಟಕ ಬೇಡ ಮೋನು, ಬೇಗ ಮುಗಿಸು" ಎಂದೆವು. ಅಳುತ್ತಲೇ ಮುಗಿಸಿದ. ಮರುದಿನ ಡೈರಿಯಲ್ಲಿ ಕೆಂಪು ಶಾಯಿಯ ಸಾಲು: ಬರವಣಿಗೆ ಸರಿಯಿಲ್ಲ.

ಅದು ನಾಟಕವಾಗಿರಲಿಲ್ಲ. ನಮಗೆ ಗೊತ್ತಾಗುವಾಗ ತಡವಾಗಿತ್ತು ಅಷ್ಟೆ.

ಮಣಿಕಟ್ಟಿನಲ್ಲಿ 8 ಸಣ್ಣ ಎಲುಬುಗಳಿವೆ. ಮಗು ಹುಟ್ಟುವಾಗ ಅವು ಎಲುಬೇ ಅಲ್ಲ, ಕಿವಿಯ ಹಾಗೆ ಮೆತ್ತಗಿನ ಮೃದ್ವಸ್ಥಿ. ಒಂದೊಂದಾಗಿ ಗಟ್ಟಿಯಾಗುತ್ತಾ ಎಲ್ಲವೂ ಎಲುಬಾಗಲು ಸುಮಾರು ಹತ್ತು ವರ್ಷ ಹಿಡಿಯುತ್ತದೆ. ಕೈಯ ಹಿಡಿತವೂ ಹಾಗೆಯೇ: ಮೊದಲು ಭುಜ, ಆಮೇಲೆ ಮೊಣಕೈ, ಮಣಿಕಟ್ಟು, ಕೊನೆಗೆ ಬೆರಳು. ಒಂದೂವರೆ ವರ್ಷದ ಮಗು ಕ್ರೆಯಾನನ್ನು ಮುಷ್ಟಿಯಲ್ಲಿ ಹಿಡಿದು ಇಡೀ ತೋಳು ಬೀಸಿ ಗೀಚುತ್ತದೆ. ಎರಡು ವರ್ಷಕ್ಕೆ ನೋಡಿ ಒಂದು ಗೆರೆ ಎಳೆಯುತ್ತದೆ, ಮೂರಕ್ಕೆ ವೃತ್ತ, ನಾಲ್ಕರ ಹೊತ್ತಿಗೆ ಕೂಡುವ ಗುರುತು, ಆಮೇಲೆ ಚೌಕ. ತ್ರಿಕೋನ ಐದು ದಾಟಿದ ಮೇಲೆ. ಒಂದೆರಡು ತಿಂಗಳು ಹೆಚ್ಚು ಕಡಿಮೆ ಇದ್ದದ್ದೇ. ಈಗ 'ಬಿ' ನೋಡಿ, ನೇರ ಗೆರೆಗೆ ಎರಡು ಹೊಟ್ಟೆ. ನಮ್ಮ ಕನ್ನಡದ 'ಅ' ಅಂತೂ ಸುರುಳಿಯ ಮೇಲೆ ಸುರುಳಿ. ಚೌಕಕ್ಕೆ ಮೂಲೆ ಸಿಗದ ಕೈಗೆ ನಾವು ಪುಟಗಟ್ಟಲೆ ಕೊಡುತ್ತಿದ್ದೇವೆ.

ಬಣ್ಣ ತುಂಬುವುದು ಈ ಕೈಗೆ ಬೇಕಾದ ಕೆಲಸ. 1907ರಲ್ಲಿ ರೋಮ್‌ನಲ್ಲಿ ಬಡ ಮಕ್ಕಳಿಗೆ ಶಾಲೆ ತೆರೆದ ಮರಿಯಾ ಮಾಂಟೆಸರಿ ಅಕ್ಷರಕ್ಕೆ ಮೊದಲು ಲೋಹದ ಅಚ್ಚು ಕೊಡುತ್ತಿದ್ದರು. ಅದರ ಸುತ್ತ ಗೆರೆ ಎಳೆದು, ಒಳಗೆ ಬಣ್ಣದ ಪೆನ್ಸಿಲಿನಲ್ಲಿ ಗೆರೆ ಗೆರೆಯಾಗಿ ತುಂಬುವುದು. 1939ರಲ್ಲಿ ಭಾರತಕ್ಕೆ ಬಂದು ಇಲ್ಲಿಯೂ ಶಿಕ್ಷಕಿಯರಿಗೆ ತರಬೇತಿ ಕೊಟ್ಟರು. ನಮಗೆ ಅಚ್ಚು ಬೇಡ. ಸ್ಟೀಲ್ ಲೋಟ ಕವುಚಿ ಹಾಕಿದರೆ ವೃತ್ತ, ಬೆಂಕಿಪೆಟ್ಟಿಗೆ ಇಟ್ಟರೆ ಆಯತ.

ಮನೆಯಲ್ಲಿ ಕ್ರೆಯಾನ್ ಮುರಿದರೆ ಬೈತೇವಲ್ಲ, ಅದು ನಮ್ಮ ದೊಡ್ಡ ತಪ್ಪು. ನಾಲ್ಕು ವರ್ಷದ ಮಗುವಿಗೆ ಹೆಬ್ಬೆರಳು ತುದಿಯಷ್ಟು ತುಂಡೇ ಒಳ್ಳೆಯದು. ಅದನ್ನು ಮುಷ್ಟಿಯಲ್ಲಿ ಹಿಡಿಯಲು ಜಾಗವೇ ಇಲ್ಲ. ಹೆಬ್ಬೆರಳು, ತೋರುಬೆರಳು, ನಡುಬೆರಳು ತಾವಾಗಿ ಬಂದು ಕೂರುತ್ತವೆ. ಪೆನ್ಸಿಲ್ ಹಿಡಿಯುವುದೂ ಹಾಗೆಯೇ ತಾನೇ? ನಾವೇ ಬಾಕ್ಸಿನ 12 ಕ್ರೆಯಾನ್‌ಗಳನ್ನೂ ಮುರಿದೆವು. ಹುಡುಗ ನಮ್ಮ ಮುಖ ನೋಡಿ ನಕ್ಕ. (ಮೂರು ವರ್ಷದೊಳಗಿನ ಮಕ್ಕಳು ಬಾಯಿಗೆ ಹಾಕುತ್ತವೆ, ಅವಕ್ಕೆ ತುಂಡು ಬೇಡ, ದಪ್ಪ ಕ್ರೆಯಾನ್ ಕೊಡಿ, ಹತ್ತಿರವೇ ಇರಿ.)

ಇನ್ನೊಂದು, ಕಾಗದವನ್ನು ಗೋಡೆಗೆ ಅಂಟಿಸಿ. ಹಳೆಯ ಕ್ಯಾಲೆಂಡರಿನ ಹಿಂಬದಿ ಸಾಕು. ನಿಂತು ಬಣ್ಣ ಹಚ್ಚುವಾಗ ಭುಜಕ್ಕೆ ಬಲ ಬರುತ್ತದೆ, ಮಣಿಕಟ್ಟು ಬರೆಯುವವರ ಹಾಗೆ ಹಿಂದಕ್ಕೆ ಬಾಗುತ್ತದೆ. ನೆಲದಲ್ಲಿ ಕೂತರೆ ಒಂದು ಕೈ ಹಚ್ಚಬೇಕು, ಇನ್ನೊಂದು ಕಾಗದ ಹಿಡಿಯಬೇಕು; ಅದೂ ಕಲಿಕೆಯೇ. ಚಿತ್ರ ದೊಡ್ಡದಿರಲಿ, ಗೆರೆ ದಪ್ಪ ಇರಲಿ. ಪ್ರಾಣಿಯ ಚಿತ್ರ ಬೇಡ ಎನ್ನುವ ಮನೆಗಳಲ್ಲಿ ಎಲೆ, ದೋಣಿ, ಮಾವಿನಕಾಯಿ, ಮಿನಾರ ಎಲ್ಲ ಉಂಟಲ್ಲ. ಗೆರೆಯಿಂದ ಹೊರಗೆ ಹೋಯಿತೆಂದು ಹೇಳಬೇಡಿ, ಕೈ ಹಿಡಿದು ಹಚ್ಚಿಸಬೇಡಿ. ಹತ್ತು ನಿಮಿಷ ಆಗುವಾಗ ಎದ್ದು ಓಡಿದರೆ ಓಡಲಿ.

"ಮೊಬೈಲಲ್ಲಿ ಕಲರಿಂಗ್ ಆ್ಯಪ್ ಉಂಟಲ್ಲ" ಎನ್ನುವವರಿದ್ದಾರೆ. ಅದರಲ್ಲಿ ಒಮ್ಮೆ ಮುಟ್ಟಿದರೆ ಇಡೀ ಎಲೆ ಹಸಿರಾಗುತ್ತದೆ. ಕೈಗೆ ಕೆಲಸವೇ ಇಲ್ಲ. ಕ್ರೆಯಾನನ್ನು ಒತ್ತಿ ಉಜ್ಜಿದರೆ ಮಾತ್ರ ಬಣ್ಣ ಬರುತ್ತದೆ, ಆ ಒತ್ತುವುದರಲ್ಲೇ ವಿಷಯ ಇರುವುದು.

ಬೆರಳಿನ ಕೆಲಸ ನಮ್ಮ ಮನೆಗಳಿಗೆ ಹೊಸತಲ್ಲ. ಎಲೆ ಕತ್ತರಿಸಿ, ಸುತ್ತಿ, ನೂಲು ಹಾಕಿ ಬೀಡಿ ಕಟ್ಟಿದ ಅಜ್ಜಿಯರ ಬೆರಳುಗಳನ್ನು ನೋಡಿದವರು ನಾವು. (ಮಕ್ಕಳನ್ನು ಆ ಹೊಗೆಸೊಪ್ಪಿನ ಹತ್ತಿರ ಕೂರಿಸುವುದು ಬೇಡ.) ಪಿಂಡಿಗೆ ಹಿಟ್ಟು ಉರುಟು ಮಾಡುವಾಗ ಮಗುವಿಗೂ ಒಂದು ಮುದ್ದೆ ಕೊಡಿ. ಪೆರ್ನಾಲ್ ಹತ್ತಿರ ಬಂದಾಗ ಪ್ಲಾಸ್ಟಿಕ್ ಕೋನಿಗೆ ಮೈಲಾಂಜಿಯ ಬದಲು ಮೈದಾ ಅಂಟು ತುಂಬಿ ಕಾಗದದ ಮೇಲೆ ಬಿಡಿಸಲು ಕೊಡಿ. ಕೋನ್ ಹಿಂಡುವುದು ಬೆರಳಿಗೆ ಒಳ್ಳೆಯ ವ್ಯಾಯಾಮ.

ಕ್ರೆಯಾನ್ ಎಡಗೈಗೆ ಹೋದರೆ ಏನು ಮಾಡುವುದು? ನಮ್ಮಲ್ಲಿ ಮಕ್ಕಳಿಗೆ ಪೆಟ್ಟು ಬೀಳುವುದು ಇಲ್ಲೇ. ಊಟ ಬಲಗೈಯಲ್ಲಿ, ಅದನ್ನು ಕಲಿಸೋಣ. ಬಣ್ಣ, ಬರಹ ಎಡಗೈಯಲ್ಲಿ ಬಂದರೆ ಬಿಟ್ಟುಬಿಡಿ. ಆ ಕೈ ಮೆದುಳು ಆರಿಸಿದ್ದು, ಹಟ ಅಲ್ಲ. ಮದ್ರಸದಲ್ಲಿ ಬಲದಿಂದ ಎಡಕ್ಕೆ ಬರೆಯುವಾಗ ಎಡಗೈಯವನಿಗೆ ಬರೆದದ್ದು ಕೈಯಡಿ ಮುಚ್ಚಿಹೋಗುವುದೂ ಇಲ್ಲ. ಆದರೆ ಒಂದು ವರ್ಷ ತುಂಬುವ ಮೊದಲೇ ಮಗು ಒಂದೇ ಕೈ ಬಳಸುತ್ತಿದ್ದರೆ, ಇನ್ನೊಂದು ಕೈ ಸುಮ್ಮನೆ ಮುಷ್ಟಿ ಕಟ್ಟಿಕೊಂಡಿದ್ದರೆ, ಮಕ್ಕಳ ಡಾಕ್ಟರಿಗೆ ತೋರಿಸಿ. ಮೂರು ವರ್ಷ ಕಳೆದ ಮೇಲೂ ಏನನ್ನೂ ಹಿಡಿದು ಗೀಚದಿದ್ದರೂ ಅಷ್ಟೇ.

ನಮ್ಮ ಹುಡುಗ ಈಗ ಗೋಡೆಯ ಕ್ಯಾಲೆಂಡರ್ ತುಂಬಾ ದೋಣಿ ಬಿಡಿಸುತ್ತಾನೆ, ಕಡಲು ಕೆಂಪು. 'ಬಿ'ಯ ಕೆಳಗಿನ ಹೊಟ್ಟೆ ಇನ್ನೂ ಸರಿ ಕೂತಿಲ್ಲ. ಹೋಮ್‌ವರ್ಕ್ ಅರ್ಧ ಪುಟ ಮಾಡಬಹುದಾ ಎಂದು ಕೇಳಲು ನಾವು ಶಾಲೆಗೆ ಹೋಗಿದ್ದೆವು. ಟೀಚರ್ ತಕ್ಷಣ ಒಪ್ಪಿದರು. "ನನಗೂ ಗೊತ್ತುಂಟು ಮೇಡಂ. ಆದರೆ ಪುಟ ಯಾಕೆ ಖಾಲಿ ಅಂತ ಪೇರೆಂಟ್ಸೇ ಬಂದು ಕೇಳ್ತಾರೆ" ಎಂದರು.

ಜೂನ್ ತಿಂಗಳಲ್ಲಿ ಹಾಗೆ ಕೇಳಲು ಹೋದವರಲ್ಲಿ ನಾವೂ ಇದ್ದೆವು.