ಬೀಜಗಣಿತವನ್ನು ಅಭ್ಯಸಿಸುವ ಬಗೆ



ಅಟ್ಲಾಂಟಾದ ನಮ್ಮ ಕೂಟವು ನೃಪತುಂಗನ ಹೆಸರನ್ನು ಹೊತ್ತಿದೆ. 9ನೆಯ ಶತಮಾನದಲ್ಲಿ ಆ ದೊರೆಯ ಕಾಲದಲ್ಲಿಯೇ ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ'ವನ್ನು ರಚಿಸಿದರು. ಇಂತಹ ಪರಂಪರೆಯ ನಮ್ಮ ಮಕ್ಕಳಲ್ಲಿಯೂ ಕೆಲವರು ಕಾಲೇಜಿನ ಮೊದಲ ವರ್ಷದ ಬೀಜಗಣಿತದಲ್ಲಿ ಎಡವುತ್ತಾರೆ. ಮನೆಯಲ್ಲಿ ಹೇಳಲು ಅಂಜುತ್ತಾರೆ. "ನೀನು ಓದಲೇ ಇಲ್ಲ" ಎಂದು ನಾವು ಗದರಿಸುತ್ತೇವೆ. ಅನೇಕ ವೇಳೆ ಅವರು ಓದಿರುತ್ತಾರೆ. ಓದಿದ ಕ್ರಮ ಮಾತ್ರ ಸರಿಯಿರುವುದಿಲ್ಲ.

ಬಿಡಿಸಿಟ್ಟ ಲೆಕ್ಕವನ್ನು ನೋಡಿ ತಲೆದೂಗಿದರೆ ಅದು ತಿಳಿದಂತಾಗದು. ಗಾಯಕ್ಕೆ ಹೊಲಿಗೆ ಹಾಕುವುದನ್ನು ನಾವು ನೋಡಿ ಕಲಿಯಲಿಲ್ಲ, ಹಾಕಿ ಕಲಿತೆವು. ಆದುದರಿಂದ ಪುಸ್ತಕವನ್ನು ಮುಚ್ಚಿ, ಬರಿಯ ಹಾಳೆಯ ಮೇಲೆ ಅದೇ ಲೆಕ್ಕವನ್ನು ಮೊದಲಿನಿಂದ ಬಿಡಿಸಬೇಕು.

ಎರಡನೆಯದು, ಲೆಕ್ಕಗಳನ್ನು ಬೆರೆಸುವುದು. ಫ್ಲಾರಿಡಾದ ರೋರರ್ ಮತ್ತು ಟೇಲರ್ ಎಂಬುವರು 2007ರಲ್ಲಿ ಘನಾಕೃತಿಗಳ ಲೆಕ್ಕಗಳ ಬಗ್ಗೆ ಒಂದು ಪ್ರಯೋಗವನ್ನು ಪ್ರಕಟಿಸಿದರು. ಒಂದೇ ಬಗೆಯ ಲೆಕ್ಕಗಳನ್ನು ಸಾಲಾಗಿ ಮಾಡಿದವರು ಅಭ್ಯಾಸದಲ್ಲಿ ಮುಂದಿದ್ದರು. ಆದರೆ ವಾರದ ನಂತರದ ಪರೀಕ್ಷೆಯಲ್ಲಿ ಬೆರೆಸಿ ಮಾಡಿದವರೇ ಬಹಳ ಮುಂದಾದರು. ಕಾರಣ ಸ್ಪಷ್ಟ: ಪರೀಕ್ಷೆಯಲ್ಲಿ ಯಾವ ವಿಧಾನ ಹೊಂದುತ್ತದೆಂದು ಮೊದಲು ನಾವೇ ಆರಿಸಬೇಕಾಗುತ್ತದೆ. ಅಪವರ್ತನ, ವರ್ಗಸಮೀಕರಣ, ಲಘುಗಣಕಗಳನ್ನು ದಿನವೂ ಸ್ವಲ್ಪ ಸ್ವಲ್ಪವಾಗಿ ಬೆರೆಸಿ ಮಾಡುವುದು ಲೇಸು.

ಮೂರನೆಯದು, ತಪ್ಪಿದ ಲೆಕ್ಕಗಳಿಗೊಂದು ಪ್ರತ್ಯೇಕ ಪುಸ್ತಕವಿರಲಿ. ಅದನ್ನು ಹಿಡಿದು, ಪ್ರಾಧ್ಯಾಪಕರು ವಿದ್ಯಾರ್ಥಿಗಳಿಗೆಂದು ಮೀಸಲಿಟ್ಟ ಸಮಯದಲ್ಲಿ ಹೋಗಿ ಕೇಳಲಿ. ಈ ದೇಶದಲ್ಲಿ ಕೇಳುವುದು ಅವಮಾನವಲ್ಲ.

ತಂದೆತಾಯಿಗಳಾದ ನಾವು ಇನ್ನು ಮುಂದೆ "ಎಷ್ಟು ಅಂಕ ಬಂತು?" ಎನ್ನುವ ಬದಲು, "ಇಂದು ನೋಡದೆ ಯಾವ ಲೆಕ್ಕ ಬಿಡಿಸಿದೆ ಮಗು?" ಎಂದು ಕೇಳೋಣ. ಆಗ ಮಕ್ಕಳು ಎಡವಿದ್ದನ್ನು ನಮ್ಮಿಂದ ಮುಚ್ಚಿಡಲಾರರು.