ನೆಲದ ಮೇಲಿನ ನಡುಗಡ್ಡೆ

ಪೆವೆಕ್ ಪಟ್ಟಣದಲ್ಲಿ ರಜೆಗೆ ಹೊರಟವರನ್ನು ಎಲ್ಲಿಗೆ ಎಂದು ಕೇಳಿದರೆ ‘ಮಾತೆರಿಕ್‌ಗೆ’ ಅನ್ನುತ್ತಾರೆ. ರಷ್ಯನ್ ಭಾಷೆಯಲ್ಲಿ ಆ ಪದಕ್ಕೆ ಖಂಡ, ದೊಡ್ಡ ನೆಲ ಎಂದರ್ಥ. ನಡುಗಡ್ಡೆಯವರು ಆಡಬೇಕಾದ ಮಾತು. ನಕಾಶೆ ಹರವಿಕೊಂಡು ನೋಡಿ: ಪೆವೆಕ್ ನಿಂತಿರುವುದು ಏಷ್ಯಾ ಖಂಡದ ಮೇಲೆಯೇ. ಅಲ್ಲಿಂದ ಮಾಸ್ಕೋವರೆಗೂ ನೆಲವೋ ನೆಲ. ಆ ನೆಲದ ಮೇಲೆ ದಾರಿಯೊಂದು ಇಲ್ಲ, ಅಷ್ಟೆ.

ರಷ್ಯಾದ ಈಶಾನ್ಯ ತುದಿಯ ಚುಕೋಟ್ಕಾ ಪ್ರಾಂತ್ಯದಲ್ಲಿ, ಪೂರ್ವ ಸೈಬೀರಿಯಾ ಸಮುದ್ರ ಒಳಕ್ಕೆ ಚಾಚಿಕೊಂಡ ಕಡೆ ಚಾವುನ್ ಕೊಲ್ಲಿ. ಅದರ ಸುತ್ತ ಹರಡಿದ ಸೀಮೆ ಚಾವುನ್ ಜಿಲ್ಲೆ. ವಿಸ್ತೀರ್ಣ ಸುಮಾರು 67,000 ಚದರ ಕಿಲೋಮೀಟರ್. ನಮ್ಮ ಕರ್ನಾಟಕವನ್ನು ಮೂರು ಪಾಲು ಮಾಡಿದರೆ ಒಂದು ಪಾಲಿಗಿಂತ ತುಸು ದೊಡ್ಡದು. 2010ರ ಜನಗಣತಿಯಲ್ಲಿ ಇಷ್ಟು ನೆಲದ ಮೇಲೆ ಲೆಕ್ಕಕ್ಕೆ ಸಿಕ್ಕವರು ಐದು ಸಾವಿರ ಚಿಲ್ಲರೆ ಮಂದಿ. ಅವರಲ್ಲಿ 4,162 ಜನ ಪೆವೆಕ್‌ನವರೇ. ನಮ್ಮಲ್ಲಿ ಹೋಬಳಿಯ ಸಂತೆಗೂ ಇದಕ್ಕಿಂತ ಹೆಚ್ಚು ಜನ ಸೇರುತ್ತಾರೆ.

ರಷ್ಯಾದ ತೀರಾ ಉತ್ತರದ ಪಟ್ಟಣ ಎಂಬ ಬಿರುದು ಪೆವೆಕ್‌ನದು. ನವೆಂಬರ್ ಕೊನೆಗೆ ಮುಳುಗಿದ ಸೂರ್ಯ ಜನವರಿಯ ನಡುವಿಗೆ ಮತ್ತೆ ಮುಖ ತೋರಿಸುತ್ತಾನೆ. ನೆಲದಡಿ ಎಂದೂ ಕರಗದ ಮಂಜು. ಮನೆಯ ಬಿಸಿ ತಾಗಿ ಅದು ಕರಗಿದರೆ ಮನೆಯೇ ಕುಸಿಯುತ್ತದೆ; ಹಾಗಾಗಿ ಕಟ್ಟಡಗಳನ್ನು ಕಂಬಗಳ ಮೇಲೆ ಎತ್ತಿ ಕಟ್ಟಿ, ಕೆಳಗೆ ಗಾಳಿಯಾಡಲು ಬಿಟ್ಟಿರುತ್ತಾರೆ.

ಚಳಿಗಿಂತ ಇಲ್ಲಿಯವರು ಹೆಚ್ಚು ಮಾತಾಡುವುದು ‘ಯೂಝಾಕ್’ ಬಗ್ಗೆ. ಹಾಗೆಂದರೆ ತೆಂಕಣ ಗಾಳಿ. ತೆಂಕಣ ಗಾಳಿ ಎಂದೊಡನೆ ಹಿತವಾದದ್ದೇನೋ ನೆನಪಾಗುವ ನಮಗೆ ಇದು ಬೇರೆಯದೇ ಪ್ರಾಣಿ. ಊರಿನ ಬೆನ್ನಿಗಿರುವ ಬೆಟ್ಟಗಳ ಆಚೆ ಒತ್ತಡ ಏರಿ, ಗಾಳಿ ನೆತ್ತಿ ದಾಟಿ ಇಳಿಜಾರಿನಲ್ಲಿ ಧುಮುಕುತ್ತದೆ. ಇಳಿಯುತ್ತ ಇಳಿಯುತ್ತ ಬಿಸಿಯಾಗುತ್ತದೆ, ರಭಸವೂ ಏರುತ್ತದೆ. ಬೀಸು ಸೆಕೆಂಡಿಗೆ 40 ಮೀಟರ್ ದಾಟಿದ್ದುಂಟು, ಅಂದರೆ ಗಂಟೆಗೆ 144 ಕಿಲೋಮೀಟರ್. ಬೆಟ್ಟದ ತಲೆಗೆ ಮೋಡದ ಟೊಪ್ಪಿಗೆ ಕೂತರೆ ಯೂಝಾಕ್ ಬರಲಿದೆ ಎಂದು ಊರಿಗೆ ಗೊತ್ತಾಗುತ್ತದೆ. ಪೆವೆಕ್ ಬಿಟ್ಟು ಕೆಲವೇ ಕಿಲೋಮೀಟರ್ ಆಚೆ ಹೋದರೆ ಅದೇ ಹೊತ್ತಿಗೆ ಎಲೆ ಅಲುಗದಷ್ಟು ಶಾಂತಿ ಇರಬಹುದು. ಎಲೆ ಅಂದದ್ದು ಮಾತಿಗೆ. ಈ ತುಂದ್ರಾ ಬಯಲಿನಲ್ಲಿ ಮರವೆಲ್ಲಿ?

ಇಂಥ ಕಡೆ ಪಟ್ಟಣ ಕಟ್ಟುವ ಬುದ್ಧಿ ಯಾರಿಗೆ ಬಂತು? ತವರಕ್ಕೆ ಬಂತು ಎನ್ನಬೇಕು. ಭೂವಿಜ್ಞಾನಿ ಸೆರ್ಗೈ ಒಬ್ರುಚೆವ್ 1934–35ರಲ್ಲಿ ವಿಮಾನದ ಪಂಖ ಹೂಡಿದ ಜಾರುಬಂಡಿಗಳಲ್ಲಿ ಈ ಸೀಮೆ ಸುತ್ತಿದಾಗ ತವರದ ಗುರುತು ಸಿಕ್ಕಿತು. ಯುದ್ಧಕ್ಕೆ ಸಜ್ಜಾಗುತ್ತಿದ್ದ ಸೋವಿಯತ್ ದೇಶಕ್ಕೆ ತವರ ಬೇಕಿತ್ತು. ಪೆವೆಕ್‌ನ ಪಕ್ಕದ ವಾಲ್ಕುಮೆಯ್‌ನಲ್ಲಿ ಗಣಿ ಎದ್ದಿತು, ಹಡಗು ನಿಲ್ಲಲು ಬಂದರಾಯಿತು, 1944ರಲ್ಲಿ ಕಲ್ಲಿದ್ದಲಿನ ವಿದ್ಯುತ್ ಸ್ಥಾವರವೂ ಬಂತು. ಆಮೇಲೆ ಯುರೇನಿಯಂ. 1953ರವರೆಗೆ ಚಾವುನ್‌ಲಾಗ್ ಎಂಬ ಹೆಸರಿನ ಶಿಬಿರದಲ್ಲಿ ಕೈದಿಗಳಿಂದ ಅದನ್ನು ಅಗೆಸಿದರು. ಒಳಗಿನ ಬೆಟ್ಟಗಳಲ್ಲಿ ಆ ಶಿಬಿರದ ಕಲ್ಲುಗೋಡೆಗಳು ಇವತ್ತಿಗೂ ನಿಂತಿವೆ. ಊರಿನ ಹಳೆಯ ಭಾಗಕ್ಕೂ ಬಂದರಿಗೂ ಬೆವರು ಸುರಿಸಿದವರಲ್ಲಿ ಸ್ವಂತ ಇಚ್ಛೆಯಿಂದ ಬಂದವರೆಷ್ಟು ಎಂಬ ಪ್ರಶ್ನೆಯನ್ನು ಪಟ್ಟಣದ ಹೆಮ್ಮೆಯ ಇತಿಹಾಸ ಮೆಲ್ಲಗೆ ದಾಟಿಕೊಂಡು ಹೋಗುತ್ತದೆ.

ಐವತ್ತರ ದಶಕದಲ್ಲಿ ಚಿನ್ನ ಸಿಕ್ಕಿತು. ಆ ಹುಡುಕಾಟದ ಕಥೆಯನ್ನು ಇಲ್ಲೇ ಕೆಲಸ ಮಾಡಿದ್ದ ಭೂವಿಜ್ಞಾನಿ ಒಲೆಗ್ ಕುವಾಯೆವ್ ‘ತೆರಿತೋರಿಯಾ’ ಎಂಬ ಕಾದಂಬರಿಯಾಗಿಸಿದ. ಅದನ್ನೋದಿ ಉತ್ತರದ ಕನಸು ಕಂಡ ಹುಡುಗರು ಕಡಿಮೆಯೇನಿಲ್ಲ. ಕನಸಿನ ಜೊತೆ ಸಂಬಳದ ಲೆಕ್ಕವೂ ಇತ್ತೆನ್ನಿ. ಚುಕೋಟ್ಕಾದಲ್ಲಿ ಮೂಲ ಸಂಬಳಕ್ಕೆ ಅಷ್ಟೇ ಮೊತ್ತ ಸೇರಿಸಿ ಕೊಡುವುದು ಕಾಯಿದೆ. ವರ್ಷ ಕಳೆದಂತೆ ಧ್ರುವಪ್ರದೇಶದ ಭತ್ಯೆ ಬೇರೆ. ‘ಉದ್ದನೆಯ ರೂಬಲ್’ ಅರಸಿ ಹೋದ ಎಂದು ರಷ್ಯನ್ನರು ಹೇಳುವುದು ಇಂಥವರನ್ನೇ. ನಾಲ್ಕು ವರ್ಷ ದುಡಿದು ಮಾತೆರಿಕ್‌ನಲ್ಲಿ ಮನೆ ಕೊಳ್ಳೋಣವೆಂದು ಬಂದು, ಇಡೀ ಬದುಕನ್ನು ಇಲ್ಲೇ ಕಳೆದವರಿದ್ದಾರೆ.

1989ರಲ್ಲಿ ಪೆವೆಕ್‌ನ ಜನಸಂಖ್ಯೆ 12,915. ಇಪ್ಪತ್ತೊಂದು ವರ್ಷದಲ್ಲಿ ಅದು ಮೂರನೇ ಒಂದು ಭಾಗಕ್ಕೆ ಇಳಿದದ್ದು ಹೇಗೆ ಎಂಬುದಕ್ಕೆ ಉತ್ತರ ಸರಳ. ತವರದ ಅಂತರರಾಷ್ಟ್ರೀಯ ಬೆಲೆ 1985ರಲ್ಲೇ ನೆಲಕಚ್ಚಿತ್ತು. ಸರ್ಕಾರದ ಸಬ್ಸಿಡಿ ಇದ್ದುದರಿಂದ ಇಲ್ಲಿ ಅದರ ಬಿಸಿ ತಟ್ಟಿರಲಿಲ್ಲ. 1991ರಲ್ಲಿ ಸೋವಿಯತ್ ಒಕ್ಕೂಟವೇ ಮುಳುಗಿದ ಮೇಲೆ ಅದಿರಿಗಿಂತ ಅದನ್ನು ಸಾಗಿಸುವ ಖರ್ಚೇ ದೊಡ್ಡದೆಂದು ಗೊತ್ತಾಯಿತು. ವಾಲ್ಕುಮೆಯ್, ಕ್ರಾಸ್ನೊಆರ್ಮೆಯ್‌ಸ್ಕಿ, ಕೊಮ್ಸೊಮೊಲ್‌ಸ್ಕಿ ಎಂಬ ಗಣಿ ಊರುಗಳು ಒಂದೊಂದಾಗಿ ಬರಿದಾದವು. ಸಮುದ್ರದಂಚಿಗೆ ಇವತ್ತೂ ನಿಂತಿರುವ ವಾಲ್ಕುಮೆಯ್‌ನ ಮನೆಗಳಿಗೆ ಕಿಟಕಿಯಿಲ್ಲ, ಒಳಗೆ ಹಿಮ.

ಅಳಿದುಳಿದ ಪಟ್ಟಣ ಹೊಟ್ಟೆಗೆ, ಬೆಚ್ಚಗಿರುವುದಕ್ಕೆ ಏನು ಮಾಡುತ್ತದೆ? ಹಡಗನ್ನು ಕಾಯುತ್ತದೆ. ಜುಲೈನಿಂದ ಅಕ್ಟೋಬರ್‌ವರೆಗಿನ ನಾಲ್ಕು ತಿಂಗಳಲ್ಲಿ ವರ್ಷದ ಹಿಟ್ಟು, ಡೀಸೆಲ್, ಸಿಮೆಂಟು, ಯಂತ್ರದ ಬಿಡಿಭಾಗ ಎಲ್ಲ ಇಳಿಯಬೇಕು. ಇದಕ್ಕೆ ‘ಉತ್ತರದ ಸರಬರಾಜು’ ಎಂಬ ಸರ್ಕಾರಿ ಹೆಸರಿದೆ. ಮಳೆಗಾಲಕ್ಕೆ ಮುಂಚೆ ಅಟ್ಟ ತುಂಬಿಸಿಕೊಳ್ಳುತ್ತಿದ್ದ ಮಲೆನಾಡಿನ ಹಳೆಯ ಮನೆಗಳವರಿಗೆ ಈ ಧಾವಂತ ಚೆನ್ನಾಗಿ ತಿಳಿಯುತ್ತದೆ. ತಾಜಾ ತರಕಾರಿ ಬೇಕೆಂದರೆ ವಿಮಾನ. ಬೆಲೆಯೂ ವಿಮಾನದಷ್ಟೇ ಎತ್ತರ. ಚಳಿಗಾಲದಲ್ಲಿ ನದಿ, ಜೌಗು ಎಲ್ಲ ಗಟ್ಟಿಯಾದಾಗ ‘ಜಿಮ್ನಿಕ್’ ಎಂಬ ಹಿಮದ ದಾರಿ ತೆರೆದುಕೊಂಡು ಲಾರಿಗಳು ಒಳನಾಡಿನ ಬಿಲಿಬಿನೊ ಊರಿಗೆ ಓಡುತ್ತವೆ. ಬೇಸಿಗೆ ಬಂದರೆ ದಾರಿ ಕರಗಿಹೋಗುತ್ತದೆ.

ಕೊನೆಗೆ ವಿದ್ಯುತ್ತೂ ಸಮುದ್ರದ ಮೇಲೆಯೇ ಬಂತು. ‘ಅಕಾಡೆಮಿಕ್ ಲೊಮೊನೊಸೊವ್’ ಎಂಬ ತೇಲುವ ಪರಮಾಣು ಸ್ಥಾವರ 144 ಮೀಟರ್ ಉದ್ದದ ಒಂದು ದೋಣಿಮನೆ. ತನ್ನಷ್ಟಕ್ಕೆ ತಾನು ಚಲಿಸಲಾರದು, ಎಳೆದೊಯ್ಯಬೇಕು. ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಕಟ್ಟಿ, ಮುರ್ಮಾನ್‌ಸ್ಕ್‌ನಲ್ಲಿ ಇಂಧನ ತುಂಬಿ, 2019ರ ಆಗಸ್ಟ್ 23ರಂದು ಹೊರಡಿಸಿದರು. ಮೂರು ವಾರಗಳ ನಂತರ ಪೆವೆಕ್ ಮುಟ್ಟಿತು. ಅದೇ ಡಿಸೆಂಬರ್‌ನಲ್ಲಿ ತಂತಿಗೆ ವಿದ್ಯುತ್ ಹರಿಯಿತು, ಮರುವರ್ಷ ಮನೆಗಳ ಕೊಳವೆಗೆ ಬಿಸಿನೀರು. ಐಸ್‌ಬ್ರೇಕರ್ ಹಡಗುಗಳಲ್ಲಿ ಬಳಸುವ ಮಾದರಿಯ ಎರಡು ರಿಯಾಕ್ಟರ್‌ಗಳು, ತಲಾ 35 ಮೆಗಾವಾಟ್. ಗ್ರೀನ್‌ಪೀಸ್‌ನವರು ಇದನ್ನು ತೇಲುವ ಚೆರ್ನೊಬಿಲ್ ಎಂದು ಕರೆದರು. ಆ ಭಯವನ್ನು ಸುಮ್ಮನೆ ತಳ್ಳಿಹಾಕಲಾಗದು. ಆದರೆ ಹಡಗಿನಲ್ಲಿ ಬಂದ ಕಲ್ಲಿದ್ದಲಿನ ಮಸಿಯನ್ನು ಮುಕ್ಕಾಲು ಶತಮಾನ ಉಸಿರಾಡಿದ ಊರಿನಲ್ಲಿ ಆ ವಾದ ಅಷ್ಟಾಗಿ ಕಿವಿಗೆ ಬೀಳಲಾರದು.

ನಾಲ್ಕು ಸಾವಿರ ಜನಕ್ಕೆ 70 ಮೆಗಾವಾಟ್ ಏಕೆ ಎಂದು ಯಾರಾದರೂ ಕೇಳಬಹುದು. ಗಣಿಗಳಿಗಾಗಿ. ಮಾಯ್‌ಸ್ಕೊಯೆ ಚಿನ್ನದ ಗಣಿಯ ಅದಿರಿನಿಂದ ಚಿನ್ನ ಸುಲಭಕ್ಕೆ ಬಿಡಿಸಿಕೊಳ್ಳುವುದಿಲ್ಲ. ಅದನ್ನು ಸಾಂದ್ರಗೊಳಿಸಿ, ಪೆವೆಕ್ ಬಂದರಿನಿಂದ ದೂರದ ಕಾರ್ಖಾನೆಗಳಿಗೆ ಹಡಗಿನಲ್ಲಿ ಕಳಿಸುತ್ತಾರೆ. ಪಕ್ಕದ ಬಿಲಿಬಿನೊ ಸೀಮೆಯ ಬಾಯಿಮ್ ತಾಮ್ರದ ನಿಕ್ಷೇಪಕ್ಕೆಂದು ಚಾವುನ್ ಕೊಲ್ಲಿಯ ನಗ್ಲೆಯ್ನಿನ್ ಭೂಶಿರದಲ್ಲಿ ಇನ್ನಷ್ಟು ತೇಲುವ ರಿಯಾಕ್ಟರ್‌ಗಳನ್ನು ನಿಲ್ಲಿಸುವ ಯೋಜನೆಯಿದೆ. ಗಣಿಯವರು ಈಗ ಊರು ಕಟ್ಟುವುದಿಲ್ಲ. ‘ವಾಖ್ತಾ’ ಎಂಬ ಪಾಳಿಯ ಮೇಲೆ ಕೆಲಸಗಾರರು ವಿಮಾನದಲ್ಲಿ ಬರುತ್ತಾರೆ, ತಿಂಗಳುಗಟ್ಟಲೆ ದುಡಿದು ವಿಮಾನದಲ್ಲೇ ಮರಳುತ್ತಾರೆ. ಸಂಬಳ ಖರ್ಚಾಗುವುದು ಮಾತೆರಿಕ್‌ನಲ್ಲಿ.

ಭೂಮಿ ಬಿಸಿಯಾಗುತ್ತಿದೆ, ಉತ್ತರದ ಸಮುದ್ರಮಾರ್ಗ ಇನ್ನು ಹೆದ್ದಾರಿಯಾದಂತೆಯೇ ಎಂಬ ಮಾತು ಈಚೆಗೆ ಬಹಳ ಕೇಳುತ್ತದೆ. ಮಂಜುಗಡ್ಡೆ ಆ ಮಾತನ್ನು ಓದಿಕೊಂಡಂತಿಲ್ಲ. 1983ರ ಅಕ್ಟೋಬರ್‌ನಲ್ಲಿ ಈ ಕರಾವಳಿಯಲ್ಲಿ ಹತ್ತಾರು ಹಡಗು ಸಿಕ್ಕಿಬಿದ್ದು, ‘ನೀನಾ ಸಗಾಯ್ದಾಕ್’ ಎಂಬುದು ಹಿಮದ ಒತ್ತಡಕ್ಕೆ ಒಡೆದು ಮುಳುಗಿತ್ತು. 2021ರ ನವೆಂಬರ್‌ನಲ್ಲೂ ನೀರು ಬೇಗ ಹೆಪ್ಪುಗಟ್ಟಿ ಸುಮಾರು ಇಪ್ಪತ್ತು ಹಡಗು ನಿಂತಲ್ಲೇ ನಿಂತವು. ಅಣುಚಾಲಿತ ಐಸ್‌ಬ್ರೇಕರ್‌ಗಳು ಬಂದು ಬಿಡಿಸಬೇಕಾಯಿತು.

ಇಷ್ಟೆಲ್ಲ ಬರುವ ಮುಂಚೆಯೇ ಇಲ್ಲಿದ್ದವರು ಚುಕ್ಚಿಗಳು. ಆ ಹೆಸರು ಹುಟ್ಟಿದ್ದೇ ‘ಚಾವ್ಚು’ ಎಂಬ ಪದದಿಂದ: ಹಿಮಸಾರಂಗಗಳ ಸಿರಿವಂತ. ರಿತ್‌ಕುಚಿ ಹಳ್ಳಿಯ ಸುತ್ತಿನ ತುಂದ್ರಾದಲ್ಲಿ ಈಗಲೂ ಮಂದೆಗಳಿವೆ, ತೊಗಲಿನ ‘ಯಾರಂಗಾ’ ಗುಡಾರಗಳಿವೆ. ಗಣಿಗಳು ಮುಚ್ಚಿದಾಗ ಇವರೇನು ಬಚಾವಾಗಲಿಲ್ಲ. ಸರ್ಕಾರಿ ಸಾಕಣೆ ಕೇಂದ್ರಗಳು ಕುಸಿದು, ಇಡೀ ಚುಕೋಟ್ಕಾದಲ್ಲಿ ಐದು ಲಕ್ಷದ ಹತ್ತಿರವಿದ್ದ ಸಾರಂಗಗಳು ಹತ್ತೇ ವರ್ಷದಲ್ಲಿ ಒಂದು ಲಕ್ಷದ ಆಸುಪಾಸಿಗೆ ಇಳಿದಿದ್ದವು. ಆದರೆ ಮಾತೆರಿಕ್‌ಗೆ ಹೋಗುವ ಮಾತು ಅವರದಲ್ಲ. ಅವರಿಗೆ ಇದೇ ದೊಡ್ಡ ನೆಲ.

ಕೊಲ್ಲಿಯ ಬಾಯಲ್ಲಿ ಆಯೋನ್ ಎಂಬ ತಗ್ಗು ದ್ವೀಪವಿದೆ, ನಿಜವಾದ ನಡುಗಡ್ಡೆ. ಬೇಸಿಗೆಯಲ್ಲಿ ಒಳನಾಡಿನ ಸೊಳ್ಳೆಗಳ ಕಾಟ ಅಲ್ಲಿನ ಕಡಲಗಾಳಿಗೆ ತಡೆಯದು. ಸಾರಂಗಗಳಿಗೆ ಒಳ್ಳೆಯ ಮೇವಿನ ತಾಣ. ಚಳಿಗಾಲದಲ್ಲಿ ಕೊಲ್ಲಿ ಹೆಪ್ಪುಗಟ್ಟಿದಾಗ ಆಯೋನ್ ಖಂಡಕ್ಕೆ ಅಂಟಿಕೊಳ್ಳುತ್ತದೆ. ನಿನ್ನೆಯವರೆಗೆ ನೀರಿದ್ದಲ್ಲಿ ಹಿಮಗಾಡಿಗಳು ಓಡುತ್ತವೆ. ಪೆವೆಕ್ ಬಂದರು ಆ ಹೊತ್ತಿಗೆ ಬಾಗಿಲು ಹಾಕಿಕೊಂಡು ಜುಲೈಗೆ ಕಾಯುತ್ತಿರುತ್ತದೆ.